ಅಕ್ಕಿಕಾಳಿನ ಟೀಚರ್

ಇದನ್ನು ಬರೆಯುತ್ತೇನೆಂದು ಕೂತು, ಬರೆಯದೆ ಎದ್ದದ್ದು ಅದೆಷ್ಟು ಸಲವೋ. ಮೊದಲು ಕೆಲಸದ ನೆಪ ಇತ್ತು. ಕೆಲಸ ಬಿಟ್ಟ ಮೇಲೆ ಮಂಡಿನೋವಿನ ನೆಪ ಹೇಳಿಕೊಂಡೆ. ಮಂಡಿಯಿಂದ ಯಾರೂ ಬರೆಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಕಳೆದ ತಿಂಗಳು ಕ್ರೈಸ್ಟ್‌ಚರ್ಚ್‌ನಿಂದ ನನ್ನ ಹೆಂಡತಿಯ ಹೆಸರಿಗೆ ಒಂದು ಕಾಗದ ಬಂತು. ಅವಳೇ ಒಡೆದು, ಅವಳೇ ಓದಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, "ಟೀಚರಮ್ಮ ಹೋಗ್ಬುಟ್ರಂತೆ ಕಣ್ರೀ" ಎಂದಳು. ಎಂಬತ್ತು ದಾಟಿದ ಜೀವ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಇನ್ನು ನನಗೆ ನೆಪ ಉಳಿದಿಲ್ಲ.

ಟೀಚರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಿಲ್ಲವೆಂದಲ್ಲ, ನಾನು ಕೆಲಸಕ್ಕಿದ್ದ ಹಾಲ್‌ನ ಬುಕಿಂಗ್ ಪುಸ್ತಕದಲ್ಲಿ ವರ್ಷಗಟ್ಟಲೆ ಅವರೇ ಬರೆದು ಸಹಿ ಹಾಕಿದ್ದಾರೆ. ಆದರೆ ತಮ್ಮ ಹೆಸರು ಎಲ್ಲೂ ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ. ಒಮ್ಮೆ ಅವರ ಕೊರಿಯನ್ ಸಮಾಜದ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದಾಗ, "ನನ್ನದು ಬೇಡ, ಇವರದು ಹಾಕಿ" ಎಂದು ತಮ್ಮ ಕ್ಲಾಸಿನ ಹೆಂಗಸರ ಕಡೆ ಕೈ ತೋರಿಸಿದರು. ಹೆಂಗಸರೆಲ್ಲ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದರು. ಕೊನೆಗೆ ಪತ್ರಿಕೆಯಲ್ಲಿ ಬಂದದ್ದು ಖಾಲಿ ಹಾಲ್‌ನ ಫೋಟೋ, ಮೂಲೆಯಲ್ಲಿ ನೆಲ ಒರೆಸುವ ಕೋಲು ಹಿಡಿದ ನಾನು.

ನಾನು ಮಂಡ್ಯದ ಕಡೆಯವನು. ಎಸೆಸೆಲ್ಸಿ ಮುಗಿಸಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ನಮ್ಮಣ್ಣ ಆಕ್ಲೆಂಡಿನಲ್ಲಿ ಡೈರಿ ಇಟ್ಟಿದ್ದ. ಇಲ್ಲಿ ಡೈರಿ ಎಂದರೆ ಹಾಲಿನ ಕೇಂದ್ರವಲ್ಲ, ರಸ್ತೆಮೂಲೆಯ ಅಂಗಡಿ. ಅವನೇ ನಮ್ಮನ್ನು ಕರೆಸಿಕೊಂಡ. ಎರಡು ವರ್ಷ ಅವನ ಅಂಗಡಿಯಲ್ಲಿದ್ದೆ. ಅಣ್ಣತಮ್ಮಂದಿರು ಒಂದೇ ಗಲ್ಲಾದ ಹಿಂದೆ ಬಹಳ ದಿನ ನಿಲ್ಲಬಾರದು ಎಂದು ಅರ್ಥವಾದ ಮೇಲೆ ಏವನ್‌ಡೇಲ್‌ನ ಒಂದು ಹಾಲ್‌ನಲ್ಲಿ ಕೇರ್‌ಟೇಕರ್ ಕೆಲಸಕ್ಕೆ ಸೇರಿದೆ. ಬೀಗ ತೆಗೆ, ಕುರ್ಚಿ ಹಾಕು, ಕುರ್ಚಿ ಎತ್ತು, ನೆಲ ಒರೆಸು, ಬೀಗ ಹಾಕು. ಹೆಂಡತಿಯೂ ಜೊತೆಗೆ ಬಂದು ಮೇಜು ಕುರ್ಚಿ ಒರೆಸುತ್ತಿದ್ದಳು. ಮಗಳು ಪಾಮರ್ಸ್ಟನ್ ನಾರ್ತ್‌ನಲ್ಲಿ ಓದುತ್ತಿದ್ದಳು.

ನನ್ನ ಹೆಂಡತಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು. ಆಗ ಇಂಗ್ಲಿಷು ಬರುತ್ತಿರಲಿಲ್ಲ, ಓದಲು ಕಲಿತದ್ದು ಆಮೇಲೆ. ಮನೆಗೆ ಬರುವ ಕಾಗದವನ್ನೆಲ್ಲ ಒಡೆದು ಓದಿ ಹೇಳುವುದು ನನ್ನ ಅಧಿಕಾರವಾಗಿತ್ತು. ಅಧಿಕಾರ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಊರಿನಲ್ಲಿದ್ದಾಗ ಯಂತ್ರಗಳಾದರೂ ನನ್ನ ಮಾತು ಕೇಳುತ್ತಿದ್ದವು. ಇಲ್ಲಿ ನನ್ನ ಮಾತು ನಡೆಯುತ್ತಿದ್ದದ್ದು ಮನೆಯ ಟಪಾಲು ಪೆಟ್ಟಿಗೆಯ ಮುಂದೆ ಮಾತ್ರ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ಮನೆತನದಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹೇಳುತ್ತಿರಲಿಲ್ಲ. ಮದುವೆಯ ದಿನ ಹೊಸಿಲಿಗೆ ಅಡ್ಡ ನಿಂತು ಹೆಸರು ಹೇಳಿಸುತ್ತಾರಲ್ಲ, ಅಂದು ಹೇಳಿದ್ದೇ. ಆಮೇಲೆ "ಲೇ", "ಇವಳೇ", ಹೊರಗಿನವರ ಮುಂದೆ "ನಮ್ಮ ಮನೆಯವಳು". ಅಷ್ಟರಲ್ಲೇ ಸಂಸಾರ ನಡೆದಿತ್ತು.

ಟೀಚರನ್ನು ಮೊದಲು ನೋಡಿದ್ದು ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ. ಸುರುಳಿ ಸುರುಳಿ ಮಾಡಿಸಿದ ಗಿಡ್ಡ ಕೂದಲು, ಹಣೆಯ ಮೇಲೆ ಅಗಲವಾದ ಬಿಸಿಲುಟೋಪಿ, ಹತ್ತು ಜೇಬಿನ ಕೋಟು. ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಮಾರುತ್ತಿದ್ದರು. ಎರಡು ತುದಿಯ ಬಿಲ್ಲೆಗಳನ್ನು ಮಾತ್ರ ಮಾರುತ್ತಿರಲಿಲ್ಲ. ಅವು ಸೊಟ್ಟಗಿರುತ್ತವೆ, ಆದರೆ ತರಕಾರಿ ಹೆಚ್ಚು ಇರುವುದು ಅವುಗಳಲ್ಲೇ. ಪಕ್ಕದಲ್ಲಿ ಯಾರು ನಿಂತಿದ್ದರೂ ಅವರ ಬಾಯಿಗೇ ಹಿಡಿದು ಕೊಟ್ಟುಬಿಡುತ್ತಿದ್ದರು. ನನ್ನ ಹೆಂಡತಿ ಮೊದಲ ಸಲ ಅದನ್ನು ತಿಂದು, "ಸಮುದ್ರ ನೆಕ್ದಂಗಾಯ್ತು" ಎಂದಳು. ಟೀಚರಿಗೆ ಕನ್ನಡ ತಿಳಿಯದು. ಆದರೂ ನಕ್ಕು ಇನ್ನೊಂದು ಕೊಟ್ಟರು.

ಬೂಸಾನ್ ಎಂಬ ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅರವತ್ತು ದಾಟಿ ಮಗನ ಹಿಂದೆ ಇಲ್ಲಿಗೆ ಬಂದಾಗ ಅವರ ಸರ್ಟಿಫಿಕೇಟು ಇಲ್ಲಿ ನಡೆಯಲಿಲ್ಲ. ಬೇರೆಯವರಾಗಿದ್ದರೆ ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುತ್ತಿದ್ದರು. ಇವರು ಒಂದು ದಿನ ನಮ್ಮ ಹಾಲ್‌ಗೆ ಬಂದು ಪ್ರತಿ ಶನಿವಾರ ಬೆಳಿಗ್ಗೆ ಎರಡು ಗಂಟೆ ಬೇಕೆಂದರು. ಎರಡು ಸಾವಿರದ ನಾಲ್ಕನೆಯ ಇಸವಿ. ಎದೆಯ ಕ್ಯಾನ್ಸರ್ ಬೇಗ ಪತ್ತೆ ಮಾಡುವ ತಪಾಸಣೆಯನ್ನು ಸರ್ಕಾರ ಆ ವರ್ಷವೇ ನಲವತ್ತೈದು ದಾಟಿದ ಹೆಂಗಸರಿಗೂ ಉಚಿತ ಮಾಡಿತ್ತು. ಆದರೆ ಕೊರಿಯನ್ ಹೆಂಗಸರು ಹೋಗುತ್ತಿರಲಿಲ್ಲ.

"ಏನು ಕ್ಲಾಸು, ಮೇಡಂ?" ಎಂದು ಬುಕಿಂಗ್ ಪುಸ್ತಕ ತೆರೆದು ಕೇಳಿದೆ.

"ಹೊಲಿಗೆ" ಎಂದರು.

ಮೊದಲ ಶನಿವಾರ ಅವರ ಕಾರಿನಿಂದ ದೊಡ್ಡ ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಬಂದೆ. ಬಾಗಿಲಲ್ಲಿ ಅದರ ತಳ ಕಿತ್ತುಹೋಯಿತು. ಬಣ್ಣದ ರೇಷ್ಮೆ ಚೂರುಗಳನ್ನು ಕೂಡಿಸಿ ಹೊಲಿದು ಹತ್ತಿ ತುಂಬಿದ ಗುಂಡನೆಯ ದಿಂಬುಗಳು ಹಾಲ್‌ನ ತುಂಬ ಉರುಳಿದವು.

"ಅಯ್ಯೋ, ಎಷ್ಟ್ ಚೆಂದಾಗ್ ಹೊಲ್ದವ್ರೆ! ಸೂಜಿ ಸಿಗ್ಸೋ ದಿಂಬಾ?" ಎಂದು ನನ್ನ ಹೆಂಡತಿ ಒಂದನ್ನು ಎತ್ತಿಕೊಂಡಳು.

ಟೀಚರ್ ಇನ್ನೊಂದನ್ನು ಎತ್ತಿ ತಮ್ಮ ಕೋಟಿನ ಮೇಲೆ, ಎದೆಯ ಬಳಿ ಇಟ್ಟು ತೋರಿಸಿದರು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಕೈಯಲ್ಲಿದ್ದ ನಾಲ್ಕನ್ನು ಕೆಂಡ ಮುಟ್ಟಿದವನಂತೆ ಕೆಳಗೆ ಬಿಟ್ಟೆ.

"ಮಿಸ್ಟರ್ ಕೀ" ಎಂದರು ಟೀಚರ್. ನನ್ನ ಸೊಂಟದ ಬೀಗದಕೈ ಗೊಂಚಲು ನೋಡಿ ಅವರು ಇಟ್ಟ ಹೆಸರು ಅದು. "ನಾಚಿಕೆ ಆಮೇಲೆ. ಮೊದಲು ಕುರ್ಚಿ."

ಅವರಿಗೂ ನನಗೂ ಇದ್ದದ್ದು ಮುರುಕು ಇಂಗ್ಲಿಷು. ಆ ಮುರುಕಿನಲ್ಲೇ ಅವರು ಹೇಳಬೇಕಾದ್ದನ್ನೆಲ್ಲ ಹೇಳಿಬಿಡುತ್ತಿದ್ದರು. ನಾನು ಅದೇ ಮುರುಕಿನಲ್ಲಿ ಅಡಗಿಸುವುದನ್ನು ಕಲಿತೆ.

ಕ್ಲಾಸಿಗೆ ಗಂಡಸರು ಹೋಗುವಂತಿರಲಿಲ್ಲ. ಆದರೆ ಅಡುಗೆಮನೆಯಿಂದ ಚಹಾ ದಾಟಿಸುವ ಒಂದು ಕಿಂಡಿ ಇತ್ತು. ಅದರ ಕದ ಪೂರ್ತಿ ಮುಚ್ಚುತ್ತಿರಲಿಲ್ಲ. ನಾನು ಅದನ್ನು ಸರಿಮಾಡಲೂ ಇಲ್ಲ. ಒಳಗೆ ಮಾತೆಲ್ಲ ಕೊರಿಯನ್. ಕಪ್ಪು ತೊಳೆಯಲು ಹೋದ ನನ್ನ ಹೆಂಡತಿ ಎರಡನೆಯ ವಾರಕ್ಕೆ ಅವರ ನಡುವೆಯೇ ಕುರ್ಚಿ ಹಾಕಿಕೊಂಡು ಕೂತಳು. ಟೀಚರ್ ಅವಳಿಗಾಗಿ ಅಲ್ಲಲ್ಲಿ ಒಂದು ಇಂಗ್ಲಿಷ್ ಪದ, ಒಂದು ಕೈಸನ್ನೆ ಎಸೆಯುತ್ತಿದ್ದರು. ಅವಳು ಮನೆಗೆ ಬಂದು ನನಗೆ ಇಡೀ ಪಾಠ ಒಪ್ಪಿಸುತ್ತಿದ್ದಳು. ಹೇಗೆ ಅರ್ಥವಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು.

ಆ ದಿಂಬುಗಳೊಳಗೆ ಟೀಚರ್ ಒಂದರಲ್ಲಿ ಕೆಂಪು ಹುರುಳಿಕಾಯಿ ಬೀಜ, ಒಂದರಲ್ಲಿ ಹೆಸರುಕಾಳು, ಒಂದರಲ್ಲಿ ಒಂದೇ ಒಂದು ಅಕ್ಕಿಕಾಳು ಬಚ್ಚಿಟ್ಟು ಹೊಲಿದಿದ್ದರು. ಹೆಂಗಸರು ಬೆರಳಿನಿಂದ ಒತ್ತಿ ಹುಡುಕಬೇಕು. ಬೀಜ ಎಲ್ಲರಿಗೂ ಸಿಗುತ್ತಿತ್ತು. ಹೆಸರುಕಾಳು ಕೆಲವರಿಗೆ. ಅಕ್ಕಿಕಾಳು ಯಾರಿಗೂ ಸಿಗುತ್ತಿರಲಿಲ್ಲ. ಆಗ ಟೀಚರ್ ಹಲ್ಲಿನಿಂದ ದಾರ ಕಿತ್ತು, ಆ ಕಾಳನ್ನು ತೆಗೆದು ಅಂಗೈಮೇಲಿಟ್ಟು ಒಬ್ಬೊಬ್ಬರ ಮುಂದೆ ಹಿಡಿಯುತ್ತಿದ್ದರು. "ನಿಮ್ಮ ಕೈಗೆ ಇದು ಕಾಣುವುದಿಲ್ಲ. ಆ ತಪಾಸಣೆಯ ಯಂತ್ರಕ್ಕೆ ಕಾಣುತ್ತದೆ. ಇಷ್ಟಿರುವಾಗ ಸಿಕ್ಕರೆ ಮನೆಗೆ ಹೋಗಿ ಅನ್ನ ಮಾಡುತ್ತೀರಿ."

ಸರ್ಕಾರದವರು ಕೊರಿಯನ್ ಭಾಷೆಯಲ್ಲಿ ಅಚ್ಚು ಮಾಡಿದ ಕರಪತ್ರ ಇತ್ತು. ಅದರ ಮೇಲೆ ಸಮುದ್ರದ ದಂಡೆಯಲ್ಲಿ ನಗುತ್ತಿರುವ ಬಿಳಿ ಹೆಂಗಸಿನ ಚಿತ್ರ. ಅದನ್ನು ನೋಡಿ ಒಬ್ಬಾಕೆ, ಇದು ಬೆಣ್ಣೆ ತಿನ್ನುವವರ ಕಾಯಿಲೆ, ಹುಳಿ ಹಿಡಿಸಿದ ಎಲೆಕೋಸು ತಿನ್ನುವ ನಮಗೆ ಬರುವುದಿಲ್ಲ ಎಂದಳಂತೆ. ನನ್ನ ಹೆಂಡತಿಗೆ ಅದು ಹೇಗೋ ಅರ್ಥವಾಗಿ, "ನಮ್ಮೂರಲ್ಲೂ ಹಿಂಗೇಯ, ಮುದ್ದೆ ಉಣ್ಣೋರ್ಗೆ ಯಾವ್ ಕಾಯ್ಲೇನೂ ಬರಕಿಲ್ಲ ಅಂತಾರೆ" ಎಂದು ಕನ್ನಡದಲ್ಲೇ ಹೇಳಿ ಮುದ್ದೆ ನುಂಗುವ ಅಭಿನಯ ಮಾಡಿದಳಂತೆ. ಎಲ್ಲರೂ ನಕ್ಕ ಮೇಲೆ ಟೀಚರ್ ಮೆಲ್ಲಗೆ ಹೇಳಿದರು: "ನಾನು ಇಪ್ಪತ್ತು ವರ್ಷ ಬೂಸಾನಿನಲ್ಲಿ ಆಪರೇಷನ್ ಟ್ರೇ ಹಿಡಿದು ನಿಂತಿದ್ದೆ. ಮಲಗಿದ್ದವರೆಲ್ಲ ಎಲೆಕೋಸು ತಿಂದವರೇ. ತಡವಾಗಿ ಬಂದವರು. ಟ್ರೇ ಹಿಡಿದು ನನಗೆ ಸಾಕಾಗಿದೆ." ಯಾಕೆ ಈ ಕೆಲಸ ಮಾಡುತ್ತೀರಿ ಎಂದು ಯಾರು ಕೇಳಿದರೂ ಅವರು ಕೊಟ್ಟ ಕಾರಣ ಇದೊಂದೇ.

ಅವರಲ್ಲಿ ಹುಟ್ಟಿದ ದಿನ ಬೆಳಿಗ್ಗೆ ಕಡಲಪಾಚಿಯ ಸಾರು ಕುಡಿಯುತ್ತಾರೆ. ಬಾಣಂತಿಗೆ ಕೊಡುವ ಸಾರು ಅದು. ನಿನ್ನನ್ನು ಹೆತ್ತಾಗ ನಿನ್ನ ತಾಯಿ ಕುಡಿದದ್ದು. "ಎರಡು ವರ್ಷಕ್ಕೊಮ್ಮೆ ಆ ಸಾರು ಕುಡಿದ ವಾರವೇ ಯಂತ್ರದ ಹತ್ತಿರ ಹೋಗಿ. ಎದೆಹಾಲು ಕೊಟ್ಟವಳಿಗೆ ಮರ್ಯಾದೆ" ಎನ್ನುತ್ತಿದ್ದರು. ಕರಪತ್ರಕ್ಕೆ ಅಲುಗದಿದ್ದ ಹೆಂಗಸರು ಸಾರಿಗೆ ಅಲುಗಿದರು. ತಾರೀಖು ಮರೆಯುವ ಪ್ರಶ್ನೆಯೂ ಉಳಿಯಲಿಲ್ಲ.

ಅವರಲ್ಲೂ ಮಕ್ಕಳಾದ ಮೇಲೆ ಹೆಂಗಸನ್ನು ಇಂಥವನ ಅಮ್ಮ, ಇಂಥವಳ ಅಮ್ಮ ಎಂದೇ ಕರೆಯುವುದು. ಟೀಚರ್ ಅದಕ್ಕೊಂದು ನಿಯಮ ಮಾಡಿದರು. ಹಾಲ್‌ನ ಬಾಗಿಲಿಗೆ ತೋಳು ಅಡ್ಡ ಇಟ್ಟು ನಿಲ್ಲುವರು. ತನ್ನ ಸ್ವಂತ ಹೆಸರು ಗಟ್ಟಿಯಾಗಿ ಹೇಳಿದವರಿಗೆ ಮಾತ್ರ ಒಳಗೆ ದಾರಿ. "ಅಲ್ಲಿ ನರ್ಸ್ ನಿಮ್ಮ ಹೆಸರು ಕೂಗುತ್ತಾಳೆ. ಯಾರದೋ ಹೆಸರೆಂದು ಸುಮ್ಮನೆ ಕೂತವರನ್ನು ನಾನು ನೋಡಿದ್ದೇನೆ. ಎದ್ದು ನಿಲ್ಲುವುದನ್ನು ಇಲ್ಲೇ ಕಲಿಯಿರಿ."

ನನ್ನ ಹೆಂಡತಿಯ ಸರದಿ ಬಂದ ದಿನ ನಾನು ಕಿಂಡಿಯ ಹಿಂದೆ ಇದ್ದೆ. ಅವಳು ಸೆರಗು ಸರಿಮಾಡಿಕೊಂಡು ತನ್ನ ಹೆಸರು ಹೇಳಿದಳು. ಉದ್ದನೆಯ ಹೆಸರು. ಅಷ್ಟೂ ಹೆಂಗಸರು ಅದನ್ನು ಐದು ತುಂಡು ಮಾಡಿ, ಮಗ್ಗಿ ಒಪ್ಪಿಸುವಂತೆ ಒಟ್ಟಾಗಿ ಹೇಳಿದರು. ಅವಳ ಮುಖ ಹೂವಿನಂತೆ ಅರಳಿತು ಎಂದು ಬರೆಯಲಾರೆ. ಅವಳು ಕಡುಕೆಂಪಾಗಿ, "ಸಾಕ್ ಬುಡ್ರವ್ವ" ಎಂದಳು. ಆದರೆ ಮರುವಾರ ಬಾಗಿಲಲ್ಲಿ ಅವಳೇ ಮೊದಲು ನಿಂತಿದ್ದಳು.

ಈಗ ಆ ಕಾಗದದ ವಿಷಯ.

ನೆಗಡಿಗೆಂದು ಹೋದಾಗ ನಮ್ಮ ಡಾಕ್ಟರು ನನ್ನ ಹೆಂಡತಿಯ ಹೆಸರನ್ನು ತಪಾಸಣೆಗೆ ಬರೆಸಿಕೊಂಡಿದ್ದರು. ಅವಳಿಗಾಗ ನಲವತ್ತೇಳು. ಟೀಚರ ಕ್ಲಾಸು ಶುರುವಾದ ತಿಂಗಳಲ್ಲೇ ಅವಳ ಹೆಸರಿಗೆ ಕಾಗದ ಬಂತು. ಒಡೆದು ಓದಿದೆ. ಎರಡನೆಯ ಸಾಲಿನಲ್ಲೇ ಆ ಪದ ಇತ್ತು. ನನ್ನ ಹೆಂಡತಿಯ ಮೈಯ ವಿಷಯ ಯಾರೋ ಟೈಪು ಮಾಡಿ ಟಪಾಲಿಗೆ ಹಾಕಿದ್ದಾರೆ ಎಂದು ಕೆಂಡಾಮಂಡಲವಾದೆ. ಅದರ ಹಿಂದೆ ಭಯವೂ ಇತ್ತು. ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಇಲ್ಲ ಎಂಬ ಭಯ. ಭಯ ಎಂದು ಆಗ ಒಪ್ಪಿಕೊಳ್ಳುತ್ತಿರಲಿಲ್ಲ, ಮಾನ ಎನ್ನುತ್ತಿದ್ದೆ.

"ಅದೇನ್ ಕಾಗ್ದ?" ಎಂದಳು ಅವಳು, ಒಲೆಯ ಮುಂದಿನಿಂದ.

"ಕರೆಂಟಿನವರ ಜಾಹೀರಾತು" ಎಂದು ಹರಿದು ಹಾಕಿದೆ.

ಶನಿವಾರ ಕ್ಲಾಸಿನಿಂದ ಬಂದವಳು ಕೇಳಿದಳು: "ಎಲ್ಲಾರ್ಗೂ ಕಾಗ್ದ ಬಂದೈತಂತೆ. ನಂಗ್ಯಾಕ್ ಬಂದಿಲ್ಲ?"

"ನೀನು ಇಲ್ಲಿ ಹುಟ್ಟಿದವಳಲ್ಲವಲ್ಲ."

"ಅವ್ರೂ ಇಲ್ಲಿ ಹುಟ್ಟಿಲ್ವಲ್ರೀ!"

"ಅದೆಲ್ಲ ನಿನಗೆ ತಿಳಿಯುವುದಿಲ್ಲ" ಎಂದೆ. ಮೂವತ್ತು ವರ್ಷ ನನ್ನ ಕೈಹಿಡಿದು ನಡೆಸಿದ ವಾಕ್ಯ ಅದು.

ಎರಡನೆಯ ಕಾಗದ ಬಂದಾಗ ಮನೆಯ ಕಸದ ಡಬ್ಬಿಗೆ ಹಾಕಲು ಧೈರ್ಯವಾಗಲಿಲ್ಲ. ಹಾಲ್‌ನ ಡಬ್ಬಿಗೆ ಎಸೆಯೋಣವೆಂದು ಜೇಬಿನಲ್ಲಿಟ್ಟುಕೊಂಡು ಹೋದೆ. ಹೋಗುತ್ತಲೇ ತಂಬೋಲಾದಂಥ ಹೌಸಿ ಆಟ ಆಡುವ ಮುದುಕರು ಮೇಜು ಅಲುಗುತ್ತಿದೆ ಎಂದು ಗದ್ದಲ ಮಾಡಿದರು. ಫಿಟ್ಟರ್ ಆಗಿದ್ದವನು ನಾನು. ಒಂದು ವಾಷರ್ ಹಾಕಿದರೆ ಮುಗಿಯುವ ಕೆಲಸ. ಹಾಳು ಸೋಮಾರಿತನ. ಜೇಬಿನಲ್ಲಿದ್ದ ಲಕೋಟೆಯನ್ನು ಎಂಟು ಮಡಿಕೆ ಮಾಡಿ ಮೇಜಿನ ಕಾಲಿಗೆ ಒತ್ತು ಕೊಟ್ಟೆ. ಮೇಜು ನಿಂತಿತು. ಆಮೇಲೆ ಮರೆತೆ.

ಅದೇ ಮೇಜಿನ ಮೇಲೆ ಟೀಚರ್ ಮೂರು ಶನಿವಾರ ತಮ್ಮ ರೇಷ್ಮೆ ದಿಂಬುಗಳನ್ನು ಹರಡಿ ಪಾಠ ಮಾಡಿದರು.

ನಾಲ್ಕನೆಯ ಶನಿವಾರ ಕ್ಲಾಸು ಮುಗಿದಿತ್ತು. ಹೆಂಡತಿ ಅಡುಗೆಮನೆಯಲ್ಲಿ ಕಪ್ಪು ತೊಳೆಯುತ್ತಿದ್ದಳು. ಒಂದು ದಿಂಬು ಮೇಜಿನ ಕೆಳಗೆ ಉರುಳಿತು. ಟೀಚರ್ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕೈಯಲ್ಲಿ ದಿಂಬಿನ ಬದಲು ಆ ಲಕೋಟೆ ಇತ್ತು. ಒಂದೊಂದೇ ಮಡಿಕೆ ಬಿಚ್ಚಿದರು. ಲಕೋಟೆಯ ಕಿಟಕಿಯಲ್ಲಿ ಹೆಸರು ಕಾಣುತ್ತಿತ್ತು.

"ಮಿಸ್ಟರ್ ಕೀ. ಇದು ಯಾರ ಹೆಸರು?"

"ನನ್ನ ಹೆಂಡತಿಯದು."

"ಅದು ಗೊತ್ತು. ಹೆಸರು ಹೇಳಿ."

ಬಾಯಿ ತೆರೆದೆ. ಹೆಸರು ಬರಲಿಲ್ಲ. ಒಳಗೆ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಅವರು ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆನೇನೋ. ಅವರು ಬೈಯಲಿಲ್ಲ. ಲಕೋಟೆಯನ್ನು ಹತ್ತು ಜೇಬುಗಳಲ್ಲಿ ಒಂದಕ್ಕೆ ಸೇರಿಸಿ, ಜಿಪ್ಪು ಎಳೆದು, ಮೇಜನ್ನು ಒಂದು ಬೆರಳಿನಿಂದ ಅಲುಗಿಸಿ ನೋಡಿದರು.

"ಸರಿಮಾಡಿ" ಎಂದು ಹೇಳಿ ಹೋದರು.

ಆ ವಾರ ಪೂರ್ತಿ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಹೆದರುತ್ತಿದ್ದೆ. ನಾನೇ ಹೇಳಿಬಿಡಬಹುದಿತ್ತು. ಏಳು ದಿನ ಇತ್ತು. ಹೇಳಲಿಲ್ಲ. ಮೇಜಿಗೆ ವಾಷರ್ ಹಾಕಿದೆ, ಅಷ್ಟೆ.

ಮರು ಶನಿವಾರ ಟೀಚರ್ ಎಲ್ಲರಿಗೂ ಮನೆಗೆ ಬಂದ ಇಂಗ್ಲಿಷ್ ಕಾಗದಗಳನ್ನು ತರಲು ಹೇಳಿದ್ದರು. ನನ್ನ ಹೆಂಡತಿಯ ಕೈ ಖಾಲಿ. "ನಮ್ಮನೇಲಿ ಕಾಗ್ದ ಎಲ್ಲಾ ಅವ್ರತ್ರಾನೇ ಇರ್ತವೆ" ಎಂದಳು. ಟೀಚರ್ ಮೊದಲು ಒಬ್ಬೊಬ್ಬರಿಗೂ ಒಂದು ರಟ್ಟಿನ ಚೂರು ಕೊಟ್ಟು, ಅವರವರ ಭಾಷೆಯಲ್ಲಿ ಹೆಸರು ಬರೆಸಿ, ಪಕ್ಕದಲ್ಲಿ ತಾವೇ ಇಂಗ್ಲಿಷಿನಲ್ಲಿ ಬರೆದರು. ಆಮೇಲೆ ಎಲ್ಲ ಕಾಗದಗಳನ್ನೂ ಆ ಮೇಜಿನ ಮೇಲೆ ಇಸ್ಪೀಟು ಕಲಸುವಂತೆ ಕಲಸಿಬಿಟ್ಟರು.

"ನಿಮ್ಮ ಹೆಸರು ಎಲ್ಲಿದೆ, ಹುಡುಕಿ. ಹೆಸರು ನಿಮ್ಮದಾದರೆ ಕಾಗದ ನಿಮ್ಮದು. ಗಂಡನದಲ್ಲ, ಮಗನದಲ್ಲ."

ನಾನು ಕಿಂಡಿಯ ಹಿಂದೆ ನಿಂತಿದ್ದೆ. ಎಲ್ಲರೂ ಹುಡುಕುವುದನ್ನು ನೋಡುತ್ತ ಕೂತಿದ್ದ ನನ್ನ ಹೆಂಡತಿಯನ್ನು ಟೀಚರ್ ಭುಜ ಹಿಡಿದು ಎಬ್ಬಿಸಿದರು. ಅವಳು ಕೈಯಲ್ಲಿ ರಟ್ಟು ಹಿಡಿದು, ಅಕ್ಷರಕ್ಕೆ ಅಕ್ಷರ ಹೊಂದಿಸುತ್ತ ಮೇಜಿನ ಸುತ್ತ ಬಂದಳು. ರಾಗಿಯಲ್ಲಿ ಕಲ್ಲು ಆರಿಸುವ ಕಣ್ಣು ಅದು. ನಿಂತಳು. ಟೀಚರ್ ಇಸ್ತ್ರಿ ಮಾಡಿ ತಂದಿದ್ದರೂ ಮಡಿಕೆಯ ಗೆರೆಗಳು ಹೋಗದ ಒಂದು ಲಕೋಟೆಯನ್ನು ಎತ್ತಿದಳು.

"ಇದು ನಂದು!" ಎಂದು ಕೂಗಿದಳು. "ಟೀಚರಮ್ಮ, ಇದು ನಂದು ಕಣಮ್ಮ! ನನ್ ಹೆಸ್ರು! ಬಂದೈತೆ ನಂಗೂ!"

ಅಷ್ಟೂ ಹೆಂಗಸರು ಚಪ್ಪಾಳೆ ತಟ್ಟಿದರು. ಟೀಚರ್ ಕಿಂಡಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಮನೆಗೆ ಬಂದು ಅವಳು ಆ ಕಾಗದವನ್ನು ನನ್ನ ಕೈಗೆ ಕೊಟ್ಟು ಓದಿಸಿದಳು. ಓದಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿದೆ. "ಪೋಸ್ಟ್‌ನೋರು ಎಂಗ್ ಸುಕ್ಕು ಮಾಡವ್ರೆ ನೋಡಿ" ಎಂದಳು. ನಾನು ಪೋಸ್ಟಿನವರ ಮೇಲೆಯೇ ಬಿಟ್ಟೆ.

ತಪಾಸಣೆಗೆ ಒಬ್ಬೊಬ್ಬರೇ ಹೋಗುವುದು ಟೀಚರಿಗೆ ಒಪ್ಪಿಗೆಯಿರಲಿಲ್ಲ. ಅವರ ಊರಿನಲ್ಲಿ ಹೆಂಗಸರೆಲ್ಲ ಒಟ್ಟಾಗಿ ಬಿಸಿನೀರಿನ ಸ್ನಾನದ ಮನೆಗೆ ಹೋಗಿ, ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಾರಂತೆ. ಅಲ್ಲಿ ನಾಚದವರು ಇಲ್ಲೇಕೆ ನಾಚಬೇಕು, ಹೋದರೆ ಗುಂಪಾಗಿಯೇ ಹೋಗೋಣ ಎಂದು ಅವರ ವಾದ. ಚರ್ಚಿನ ವ್ಯಾನ್ ಕೇಳಿ ತಂದರು. ಬೀಗದಕೈಯನ್ನು ನನ್ನ ಕೈಯಲ್ಲಿಟ್ಟರು.

"ಇವತ್ತಿನಿಂದ ಡ್ರೈವರ್ ನೀವು."

ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹನ್ನೊಂದು ಹೆಂಗಸರು, ಅನ್ನದ ಬಿಲ್ಲೆಗಳ ಡಬ್ಬಿ, ಅವರ ಹಾಡು. ನಡುವೆ ನನ್ನ ಹೆಂಡತಿ ಹೋಳಿಗೆ ಹಂಚುತ್ತಿದ್ದಳು. ಪಿಕ್‌ನಿಕ್ ಎಂದೇ ಯಾರಾದರೂ ತಿಳಿಯಬೇಕು. ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ಹೆಂಡತಿಯ ಹೆಸರನ್ನು ತಡವರಿಸಿ ತಡವರಿಸಿ ಕೂಗುವ ಮೊದಲೇ ಹತ್ತು ಕೊರಿಯನ್ ಹೆಂಗಸರು ಐದು ತುಂಡು ಮಾಡಿ ಸರಿಯಾಗಿ ಹೇಳಿಕೊಟ್ಟರಂತೆ.

ಹನ್ನೊಂದು ಜನರಲ್ಲಿ ಮತ್ತೆ ಕರೆ ಬಂದದ್ದು ಒಬ್ಬಳಿಗೆ. ನನ್ನವಳಿಗೆ.

ಸಿಕ್ಕಿತ್ತು. ಅಕ್ಕಿಕಾಳಿಗಿಂತ ಕೊಂಚ ದೊಡ್ಡದು. ಅವಳ ಕೈಗೂ ಸಿಗದ, ಡಾಕ್ಟರ ಕೈಗೂ ಸಿಗದ ಜಾಗದಲ್ಲಿ. ಅಷ್ಟನ್ನೇ ತೆಗೆದರು, ಮೇಲೆ ಕೆಲವು ವಾರ ಕಿರಣದ ಚಿಕಿತ್ಸೆ ಕೊಟ್ಟರು. ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದು, "ಒಳ್ಳೆಯ ಸಮಯಕ್ಕೆ ಕರೆತಂದಿದ್ದೀರಿ. ಇನ್ನೆರಡು ವರ್ಷ ಬಿಟ್ಟಿದ್ದರೆ ಮಾತೇ ಬೇರೆ ಇತ್ತು" ಎಂದು ನನ್ನ ಕೈ ಕುಲುಕಿದರು. ನನ್ನ ಕೈ! ಪಕ್ಕದಲ್ಲಿ ಟೀಚರ್ ನಿಂತಿದ್ದರು. ಈಗ ಬಿತ್ತು ಸಿಡಿಲು ಎಂದುಕೊಂಡೆ.

"ಹೌದು" ಎಂದರು ಟೀಚರ್. "ವ್ಯಾನ್ ಓಡಿಸಿದ್ದು ಇವರೇ."

ಆ ವಾರಗಳಲ್ಲಿ ನಮ್ಮ ಮನೆಯ ಬಾಗಿಲಲ್ಲಿ ದಿನವೂ ಒಂದೊಂದು ಫ್ಲಾಸ್ಕು ಕಡಲಪಾಚಿಯ ಸಾರು. ನನ್ನ ಹೆಂಡತಿಗೆ ಅದರ ವಾಸನೆ ಆಗದು, ಚೆಲ್ಲಲೂ ಮನಸ್ಸು ಬಾರದು. ಮೂರನೆಯ ದಿನ ಅದಕ್ಕೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಹಾಕಿದಳು. ಅಷ್ಟರಲ್ಲಿ ಟೀಚರೇ ಬಂದರು. ರುಚಿ ನೋಡಿ, ಹುಬ್ಬು ಗಂಟಿಕ್ಕಿ, ಇನ್ನೊಂದು ಬಟ್ಟಲು ಕೇಳಿ ಕುಡಿದರು. "ಇದು ಕೊರಿಯಾದ್ದಲ್ಲ" ಎಂದರು. "ಚೆನ್ನಾಗಿದೆ. ನಿಮ್ಮ ಹೆಂಗಸರಿಗೆ ಹೀಗೇ ಮಾಡಿ ಕೊಡಿ."

ಸಾರಿನ ಮಾತಷ್ಟೇ ಅಲ್ಲ ಅದು ಎಂದು ನನ್ನ ಹೆಂಡತಿಗೆ ಅರ್ಥವಾಯಿತು. ಮೈ ಸುಧಾರಿಸಿದ ಮೇಲೆ ಅವಳು ಹಳೆಯ ಇಳಕಲ್ ಸೀರೆ ಕತ್ತರಿಸಿ ತಾನೇ ದಿಂಬು ಹೊಲಿದಳು. ಒಂದರಲ್ಲಿ ಅವರೆಕಾಳು, ಒಂದರಲ್ಲಿ ಹುರುಳಿಕಾಳು, ಒಂದರಲ್ಲಿ ಒಂದೇ ಒಂದು ರಾಗಿಕಾಳು. ಹಬ್ಬಕ್ಕೆ ಸೇರುವ ನಮ್ಮ ಕನ್ನಡದ ಹೆಂಗಸರ ಮುಂದೆ ಅವನ್ನು ಇಟ್ಟು, "ಉಡುಕ್ರವ್ವ, ರಾಗಿ ಸಿಕ್ದೋರ್ಗೆ ನನ್ ಬಳೆ ಬಿಚ್ ಕೊಡ್ತೀನಿ" ಎಂದಳು. ಬಳೆ ಇವತ್ತಿಗೂ ಅವಳ ಕೈಯಲ್ಲೇ ಇದೆ. ಎಣ್ಣೆಸ್ನಾನದ ಹಬ್ಬಕ್ಕೆ ಮೈ ನೋಡಿಕೊಳ್ಳಿ, ಹುಟ್ಟಿದಬ್ಬದ ವಾರ ಯಂತ್ರಕ್ಕೆ ತೋರಿಸಿಕೊಳ್ಳಿ ಎಂಬುದು ಅವಳ ಪಾಠ. ನರ್ಸ್ ಕೆಲಸದಲ್ಲಿದ್ದ ನಮ್ಮ ಕಡೆಯ ಹುಡುಗಿಯರೂ ಬಂದು ಕೂತು ಕೇಳುತ್ತಿದ್ದರು. ವ್ಯಾನ್ ಓಡಿಸುತ್ತಿದ್ದವನು ನಾನೇ. ಟೀಚರ್ ನನ್ನನ್ನು ಮಿಸ್ಟರ್ ಕೀ ಎನ್ನುವುದು ಬಿಟ್ಟು ಮಿಸ್ಟರ್ ವ್ಯಾನ್ ಎನ್ನತೊಡಗಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಅವರ ಮಗನಿಗೆ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸವಾಯಿತು. ಹೊರಡುವ ಮುನ್ನ ಹಾಲ್‌ಗೆ ಬಂದು ಬುಕಿಂಗ್ ಪುಸ್ತಕದಲ್ಲಿ ಕೊನೆಯ ಸಹಿ ಹಾಕಿದರು. ಪೆಟ್ಟಿಗೆಯನ್ನು ನಾನೇ ಕಾರಿಗೆ ಹೊತ್ತೆ, ಈ ಸಲ ತಳಕ್ಕೆ ಕೈಕೊಟ್ಟು. ಡಿಕ್ಕಿ ಮುಚ್ಚಿದ ಮೇಲೆ ಹೇಳಿದೆ: "ಟೀಚರ್, ಆ ಕಾಗದ... ನನ್ನದು ದೊಡ್ಡ ತಪ್ಪು. ಕ್ಷಮಿಸಿ."

ಅವರು ಬಿಸಿಲುಟೋಪಿ ಮೇಲೆತ್ತಿ ನನ್ನನ್ನು ನೋಡಿದರು.

"ಅದರ ಮೇಲೆ ನನ್ನ ಹೆಸರು ಇರಲಿಲ್ಲ, ಮಿಸ್ಟರ್ ವ್ಯಾನ್" ಎಂದರು. ಜೇಬಿನಿಂದ ಅನ್ನದ ತುದಿಬಿಲ್ಲೆಯೊಂದನ್ನು ತೆಗೆದು, ಕಾಗದ ಬಿಚ್ಚಿ ನನ್ನ ಬಾಯಿಗೆ ಹಿಡಿದು, ಕಾರು ಹತ್ತಿ ಹೋದರು.

ಮೊನ್ನೆ ಶನಿವಾರ ಅವರ ನೆನಪಿಗೆಂದು ಎಲ್ಲರೂ ಅದೇ ಹಾಲ್‌ನಲ್ಲಿ ಸೇರಿದರು. ನಾನು ವ್ಯಾನ್ ನಿಲ್ಲಿಸಿ ಬರುವಷ್ಟರಲ್ಲಿ ಬಾಗಿಲ ಬಳಿ ಗದ್ದಲ. ನನ್ನ ಹೆಂಡತಿ ತೋಳು ಅಡ್ಡ ಇಟ್ಟು ನಿಂತಿದ್ದಾಳೆ! ಬಂದವರೆಲ್ಲ, ಕೊರಿಯಾದವರು, ನಮ್ಮವರು, ಕೋಲೂರಿಕೊಂಡು ಬಂದವರು, ಒಬ್ಬೊಬ್ಬರೇ ತಮ್ಮ ಹೆಸರು ಕೂಗಿ ಒಳಗೆ ಹೋಗುತ್ತಿದ್ದಾರೆ. ನಾನು ಹೋದೆ. ತೋಳು ಇಳಿಯಲಿಲ್ಲ.

"ಹೆಸ್ರು?" ಎಂದಳು.

ಹಿಂದಿದ್ದ ಕನ್ನಡದ ಹುಡುಗಿಯೊಬ್ಬಳು, "ಅಂಕಲ್, ಆಂಟಿ ಹೆಸ್ರು ಹೇಳಿ! ಇಲ್ಲಾಂದ್ರೆ ಬಿಡ್ಬೇಡಿ ಆಂಟಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, ನನ್ನ ಹೆಸರು ಹೇಳಿ ನುಸುಳಿಕೊಂಡೆ.

ಒಳಗೆ ಯಾರೂ ಅಳಲಿಲ್ಲ. ಊಟ ಮೊದಲು ಬಡಿಸಿದರು, ಟೀಚರ ಪದ್ಧತಿಯಂತೆ. ಆಮೇಲೆ ಹಳೆಯ ಕೊರಿಯನ್ ಹೆಂಗಸೊಬ್ಬರು ಎದ್ದು, "ಅಕ್ಕಿಕಾಳು ಸಿಕ್ಕವರು ಏಳಿ" ಎಂದರು. ಒಬ್ಬರು ಎದ್ದರು. ಇನ್ನೊಬ್ಬರು. ಹಿಂದಿನ ಸಾಲಿನಲ್ಲಿ ಮೂವರು. ನಮ್ಮ ಕನ್ನಡದವರಲ್ಲಿ ಒಬ್ಬಾಕೆ. ಏಳು ಜನ, ಎಲ್ಲರ ತಲೆಯೂ ಬೆಳ್ಳಗೆ. ತಲೆ ಬೆಳ್ಳಗಾಗುವವರೆಗೆ ಬದುಕಿದ್ದಾರೆ! ಮಧ್ಯದಲ್ಲಿ ನನ್ನವಳು, ಟೀಚರು ಹೊಲಿದು ಕೊಟ್ಟಿದ್ದ ರೇಷ್ಮೆ ದಿಂಬೊಂದನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಳು. ಹಾಲ್‌ನ ಕಿಟಕಿಗಳು ಅದುರುವಷ್ಟು ಚಪ್ಪಾಳೆ. ಆ ಮೇಜು ಮಾತ್ರ ಅಲುಗಲಿಲ್ಲ.

ರಾತ್ರಿಯೂಟಕ್ಕೆ ಮೊದಲು ಅವಳು ಕ್ರೈಸ್ಟ್‌ಚರ್ಚ್‌ನಿಂದ ಬಂದ ಕಾಗದವನ್ನು ಇಡಲು ತನ್ನ ತಗಡಿನ ಪೆಟ್ಟಿಗೆ ತೆರೆದಳು. ಮೇಲೆಯೇ ಇತ್ತು, ಎಂಟು ಮಡಿಕೆಯ ಗೆರೆಯ ಆ ಹಳೆಯ ಲಕೋಟೆ. ಅದರ ಬೆನ್ನಿನ ಮೇಲೆ ಕಪ್ಪಗೆ, ದುಂಡಗೆ, ಮೇಜುಕಾಲಿನ ರಬ್ಬರಿನ ಅಚ್ಚು. ನಾನು ಇಷ್ಟು ವರ್ಷ ಅದನ್ನು ಗಮನಿಸಿರಲಿಲ್ಲ. ಆ ಮೇಜನ್ನು, ಅದರ ನಾಲ್ಕು ಕಾಲನ್ನು ವಾರವಾರವೂ ಒರೆಸಿದವಳು ಅವಳು. ಅಂದು ಅವಳು ಪೋಸ್ಟಿನವರ ಮೇಲೆ ಹಾಕಿದ ಮಾತು ನನಗೆ ನೆನಪಾಯಿತು. ಅವಳು ಪೆಟ್ಟಿಗೆ ಮುಚ್ಚಿ, "ಕೈ ತೊಳ್ಕೊಳಿ, ಮುದ್ದೆ ಆರೋಗ್ತದೆ" ಎಂದಳು.

ಈ ಬರಹವನ್ನು ಮಡಿಚದೆ ಹಾಗೇ ಒಂದು ದೊಡ್ಡ ಲಕೋಟೆಗೆ ಹಾಕಿ ಊಟದ ಮೇಜಿನ ಮೇಲೆ ಇಡುತ್ತೇನೆ. ಕನ್ನಡದಲ್ಲಿದೆ, ನಾನು ಓದಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಈಗ ಯಾರ ಹೆಸರಿನ ಕಾಗದವನ್ನು ಅವರೇ ಒಡೆಯುವುದು. ಟೀಚರಿಗೆ ಕ್ಷಮೆ ಕೇಳಿದೆ, ಡಾಕ್ಟರ ಕೈ ಕುಲುಕಿದೆ, ದೇವರಿಗೆ ಹರಕೆ ತೀರಿಸಿದೆ. ಕೇಳಬೇಕಾದವಳನ್ನು ಕೇಳಲಿಲ್ಲ. ಹೊಸಿಲಲ್ಲಿ ಅಂದು ಅವಳ ಹೆಸರು ಹೇಳಿದ ಮೇಲೆ ಇದು ಎರಡನೆಯ ಸಲ. ಲಕೋಟೆಯ ಮೇಲೆ, ಐದೂ ಅಕ್ಷರ ಬಿಡಿಸಿ, ದಪ್ಪಗೆ ಬರೆದಿದ್ದೇನೆ:

ಪುಟ್ಟತಾಯಮ್ಮ.